ಎರ್ವಿನ್ ಚಾರ್ಗಾಫ್

ಎರ್ವಿನ್ ಚಾರ್ಗಾಫ್ (ಆಗಸ್ಟ್ 11, 1905 – ಜೂನ್ 20, 2002) ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ಜೀವರಸಾಯನ ವಿಜ್ಞಾನಿ ಮತ್ತು ಪ್ರಬಂಧಕಾರ. ಡಿಎನ್‌ಎಯಲ್ಲಿ ಅಡೆನಿನ್ ಮತ್ತು ಥೈಮಿನ್‌ಗಳ ಪ್ರಮಾಣ ಸಮವಾಗಿಯೂ, ಗ್ವಾನಿನ್ ಮತ್ತು ಸೈಟೊಸಿನ್‌ಗಳ ಪ್ರಮಾಣ ಸಮವಾಗಿಯೂ ಇರುತ್ತದೆ ಎಂಬ ನಿಯಮವು ಅವರ ಹೆಸರಿನಲ್ಲಿದೆ. ಕರ್ನಾಟಕದ ದ್ವಿತೀಯ ಪಿಯುಸಿ ಜೀವಶಾಸ್ತ್ರದ ವಿದ್ಯಾರ್ಥಿಗಳು ಅವರನ್ನು ಬಲ್ಲದ್ದು ಈ ನಿಯಮದ ಮೂಲಕವೇ. ಆದರೆ ಡಿಎನ್‌ಎಯತ್ತ ತಿರುಗುವ ಮೊದಲು ಚಾರ್ಗಾಫ್ ಸುಮಾರು ಒಂದು ದಶಕ ಕಾಲ ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ಅಧ್ಯಯನ ಮಾಡಿದ್ದರು. ಆ ಕೆಲಸದ ಕೊನೆಯ ಘಟ್ಟದಲ್ಲಿ, 1946ರಲ್ಲಿ, ವೈದ್ಯ ರ‍್ಯಾಂಡಾಲ್ಫ್ ವೆಸ್ಟ್ ಅವರೊಡನೆ ಪ್ರಕಟಿಸಿದ ಪ್ರಬಂಧವನ್ನು, ಜೀವಕೋಶಗಳಿಂದ ಹೊರಬಂದು ರಕ್ತದಲ್ಲಿ ಸಂಚರಿಸುವ ಸೂಕ್ಷ್ಮ ಚೀಲಗಳ ಅಥವಾ ವೆಸಿಕಲ್‌ಗಳ ಸಂಶೋಧನೆಯ ಮೊದಲ ದಾಖಲೆಗಳಲ್ಲಿ ಒಂದೆಂದು ಇಂದು ಪರಿಗಣಿಸಲಾಗುತ್ತದೆ. ಇನ್‌ಫ್ಲುಯೆಂಜಾ, ಕೋವಿಡ್-19 ಮೊದಲಾದ ಉಸಿರಾಟದ ಸೋಂಕುಗಳಲ್ಲಿ ಈ ವೆಸಿಕಲ್‌ಗಳ ಪಾತ್ರದ ಕುರಿತ ಅಧ್ಯಯನಗಳಿಂದಾಗಿ ಹಳೆಯ ಆ ಪ್ರಬಂಧಕ್ಕೆ ಹೊಸ ಓದುಗರು ದೊರೆತಿದ್ದಾರೆ.

ಜನನ ಮತ್ತು ಬಾಲ್ಯ

ಚಾರ್ಗಾಫ್ ಜನಿಸಿದ್ದು ಬುಕೊವಿನಾ ಪ್ರಾಂತ್ಯದ ಚೆರ್ನೊವಿಟ್ಸ್ ನಗರದಲ್ಲಿ. ಆಗ ಆಸ್ಟ್ರಿಯಾ-ಹಂಗೇರಿಯ ಭಾಗವಾಗಿದ್ದ ಈ ನಗರ ಈಗ ಉಕ್ರೇನ್ ದೇಶದಲ್ಲಿದ್ದು ಚೆರ್ನಿವ್ಟ್ಸಿ ಎಂಬ ಹೆಸರನ್ನು ಹೊಂದಿದೆ. ಯಹೂದಿ ಕುಟುಂಬ. ತಂದೆ ಹರ್ಮನ್ ಚಾರ್ಗಾಫ್ ಸಣ್ಣದೊಂದು ಬ್ಯಾಂಕನ್ನು ನಡೆಸುತ್ತಿದ್ದರು, ತಾಯಿ ರೋಸಾ. ಮನೆಯಲ್ಲಿ ಜರ್ಮನ್ ಭಾಷೆಯ ಬಳಕೆಯಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಗಡಿಗೆ ಸಮೀಪವಿದ್ದ ಊರನ್ನು ತೊರೆದು ಕುಟುಂಬವು ವಿಯೆನ್ನಾಗೆ ಬಂದು ನೆಲೆಸಿತು.

ವಿಯೆನ್ನಾದ ಪ್ರೌಢಶಾಲೆಯಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಈ ಶಾಸ್ತ್ರೀಯ ಶಿಕ್ಷಣದ ಛಾಯೆ ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಉಳಿಯಿತು. ವಿಯೆನ್ನಾದ ವಿಡಂಬನಕಾರ ಕಾರ್ಲ್ ಕ್ರೌಸ್ ಅವರ ಸಾರ್ವಜನಿಕ ವಾಚನಗಳಿಗೆ ಯುವಕ ಚಾರ್ಗಾಫ್ ತಪ್ಪದೆ ಹೋಗುತ್ತಿದ್ದರು. ಭಾಷೆಯನ್ನು ಸಡಿಲವಾಗಿ ಬಳಸುವವರ ಬಗೆಗೆ, ಅಧಿಕಾರ ಮತ್ತು ಪ್ರಚಾರಗಳ ಬಗೆಗೆ ಅವರಲ್ಲಿ ಬೆಳೆದ ತೀವ್ರ ಅಸಹನೆಗೆ ಕ್ರೌಸ್ ಅವರ ಪ್ರಭಾವವೇ ಮುಖ್ಯ ಕಾರಣ. ವಿಜ್ಞಾನಿಯಾಗಿ ಅವರಿಗೆ ಯಾರನ್ನೂ ಗುರುವೆಂದು ಒಪ್ಪಿಕೊಳ್ಳುವುದು ಕಷ್ಟವಾಗಿತ್ತು. ಲೇಖಕರಾಗಿ ಕ್ರೌಸ್ ಅವರನ್ನು ಗುರುವೆಂದು ಒಪ್ಪಿಕೊಂಡಿದ್ದರು.

ವಿದ್ಯಾಭ್ಯಾಸ ಮತ್ತು ಅಲೆದಾಟದ ವರ್ಷಗಳು

ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ, ಫ್ರಿಟ್ಸ್ ಫೈಗ್ಲ್ ಅವರ ಮಾರ್ಗದರ್ಶನದಲ್ಲಿ 1928ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಸಾಹಿತ್ಯದ ಒಲವು ಬಲವಾಗಿದ್ದರೂ ರಸಾಯನಶಾಸ್ತ್ರವನ್ನು ಆರಿಸಿಕೊಂಡದ್ದು ಬಹುಮಟ್ಟಿಗೆ ಜೀವನೋಪಾಯದ ಲೆಕ್ಕಾಚಾರದಿಂದ. ಅದೇ ವರ್ಷ ವೆರಾ ಬ್ರಾಯ್ಡೊ ಅವರನ್ನು ವಿವಾಹವಾದರು. ದಂಪತಿಗೆ ಒಬ್ಬ ಮಗ.

1928ರಿಂದ 1930ರವರೆಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರುಡಾಲ್ಫ್ ಆಂಡರ್ಸನ್ ಅವರ ಜೊತೆ ಕ್ಷಯರೋಗದ ಬ್ಯಾಕ್ಟೀರಿಯಾದಲ್ಲಿರುವ ಕೊಬ್ಬಿನ ಅಂಶಗಳನ್ನು ಅಧ್ಯಯನ ಮಾಡಿದರು. ಕೊಬ್ಬು ಮತ್ತು ಪ್ರೋಟೀನ್ ಬೆರೆತ ಸಂಯುಕ್ತಗಳನ್ನು ಕೈಗೆತ್ತಿಕೊಳ್ಳುವ ಪರಿಣತಿ ಅವರಿಗೆ ಬಂದದ್ದು ಇಲ್ಲಿ. ಮುಂದೆ ರಕ್ತದ ಸಂಶೋಧನೆಯಲ್ಲಿ ಅದೇ ನೆರವಿಗೆ ಬಂತು. ಅಮೆರಿಕದ ಬದುಕು ಮಾತ್ರ ಅವರಿಗೆ ಒಗ್ಗಲಿಲ್ಲ. 1930ರಲ್ಲಿ ಯೂರೋಪಿಗೆ ಮರಳಿ ಬರ್ಲಿನ್ ವಿಶ್ವವಿದ್ಯಾಲಯದ ಬ್ಯಾಕ್ಟೀರಿಯಾಶಾಸ್ತ್ರ ಮತ್ತು ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ಸೇರಿದರು. ತಮ್ಮ ಜೀವನದ ಅತ್ಯಂತ ಸಂತೋಷದ ಕಾಲವೆಂದು ಅವರು ನೆನೆಯುತ್ತಿದ್ದ ಈ ದಿನಗಳು ಹೆಚ್ಚು ಬಾಳಲಿಲ್ಲ. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿಯಾದ ಚಾರ್ಗಾಫ್ ಜರ್ಮನಿಯನ್ನು ಬಿಟ್ಟು ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಗೆ ಹೋದರು. ಅಲ್ಲಿಂದ ಮತ್ತೆ ಅಮೆರಿಕಕ್ಕೆ ತೆರಳಿ, 1935ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜನ್ನು ಸೇರಿದರು. ಮುಂದಿನ ಸುಮಾರು ನಲವತ್ತು ವರ್ಷ ಅದೇ ಅವರ ಕಾರ್ಯಕ್ಷೇತ್ರ.

1940ರಲ್ಲಿ ಅಮೆರಿಕದ ಪೌರತ್ವ ದೊರೆಯಿತು. ವಿಯೆನ್ನಾದಲ್ಲಿಯೇ ಉಳಿದಿದ್ದ ತಾಯಿ ರೋಸಾ ಅವರನ್ನು ಎರಡನೆಯ ಮಹಾಯುದ್ಧದ ಅವಧಿಯಲ್ಲಿ ನಾಜಿಗಳು ಗಡೀಪಾರು ಮಾಡಿದರು. ಅವರು ಮರಳಿ ಬರಲಿಲ್ಲ. ಚಾರ್ಗಾಫ್ ಅವರ ಬರಹಗಳಲ್ಲಿ ಕಾಣುವ ಕಹಿಯನ್ನು ಕೇವಲ ನೊಬೆಲ್ ಪ್ರಶಸ್ತಿ ತಪ್ಪಿದ್ದಕ್ಕೆ ಕಟ್ಟಿಹಾಕುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ರಕ್ತ ಹೆಪ್ಪುಗಟ್ಟುವಿಕೆಯ ಸಂಶೋಧನೆ

ಕೊಲಂಬಿಯಾದಲ್ಲಿ ಅವರಿಗೆ ಮೊದಲು ದೊರೆತ ಕೆಲಸ ರಕ್ತ ಹೆಪ್ಪುಗಟ್ಟುವಿಕೆಯ ರಸಾಯನಶಾಸ್ತ್ರಕ್ಕೆ ಸಂಬಂಧಿಸಿದ್ದು. ಶಸ್ತ್ರಚಿಕಿತ್ಸೆಯ ನಂತರ ರೋಗಿಯ ರಕ್ತನಾಳದೊಳಗೆ ಹೆಪ್ಪು ಕಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಿಲುಕಿಕೊಳ್ಳುವುದು ಆ ಕಾಲದ ಶಸ್ತ್ರವೈದ್ಯರ ದೊಡ್ಡ ಭಯವಾಗಿತ್ತು. ಹೆಪ್ಪು ಕಟ್ಟದಂತೆ ತಡೆಯುವ ಹೆಪಾರಿನ್ ಎಂಬ ವಸ್ತು ಆಗತಾನೆ ಬಳಕೆಗೆ ಬರುತ್ತಿತ್ತು. ಅದರ ಪರಿಣಾಮವನ್ನು ಬೇಕೆಂದಾಗ ನಿಲ್ಲಿಸುವ ಉಪಾಯ ಇರಲಿಲ್ಲ. 1937ರಲ್ಲಿ ಚಾರ್ಗಾಫ್ ಮತ್ತು ಕೆನೆತ್ ಓಲ್ಸನ್, ಮೀನಿನ ವೀರ್ಯಾಣುಗಳಿಂದ ದೊರೆಯುವ ಪ್ರೋಟಮಿನ್ ಎಂಬ ಪ್ರೋಟೀನನ್ನು ಪ್ರಾಣಿಯ ದೇಹಕ್ಕೆ ನೀಡಿದಾಗ ಹೆಪಾರಿನ್ನಿನ ಪರಿಣಾಮ ಇಲ್ಲವಾಗುತ್ತದೆ ಎಂದು ತೋರಿಸಿಕೊಟ್ಟರು. ಋಣ ವಿದ್ಯುದಂಶವುಳ್ಳ ಹೆಪಾರಿನ್ ಮತ್ತು ಧನ ವಿದ್ಯುದಂಶವುಳ್ಳ ಪ್ರೋಟಮಿನ್ ಒಂದಕ್ಕೊಂದು ಅಂಟಿಕೊಳ್ಳುವುದೇ ಇದರ ಗುಟ್ಟು. ತೆರೆದ ಹೃದಯದ ಶಸ್ತ್ರಚಿಕಿತ್ಸೆ ಮುಗಿದಾಗ ಹೆಪಾರಿನ್ನಿನ ಪ್ರಭಾವವನ್ನು ಹಿಂದೆಗೆಯಲು ಜಗತ್ತಿನಾದ್ಯಂತ ಇಂದಿಗೂ ಪ್ರೋಟಮಿನ್ ಬಳಕೆಯಲ್ಲಿದೆ. ಚಾರ್ಗಾಫ್ ಅವರ ಸಂಶೋಧನೆಗಳಲ್ಲಿ ರೋಗಿಗಳಿಗೆ ನೇರವಾಗಿ ತಲುಪಿದ್ದು ಇದೇ ಇರಬೇಕು. ಅವರ ಹೆಸರಿನೊಡನೆ ಮಾತ್ರ ಇದನ್ನು ಯಾರೂ ಜೋಡಿಸುವುದಿಲ್ಲ.

ಶ್ವಾಸಕೋಶದಿಂದ ತೆಗೆದ ಕಣಗಳು

ಗಾಯವಾದಾಗ ರಕ್ತವು ಹೆಪ್ಪುಗಟ್ಟಲು ಅಂಗಾಂಶಗಳಲ್ಲಿರುವ ಒಂದು ವಸ್ತು ಪ್ರಚೋದನೆ ನೀಡುತ್ತದೆ ಎಂಬುದು ಆಗಲೇ ತಿಳಿದಿತ್ತು. ಅದನ್ನು ಥ್ರಾಂಬೊಪ್ಲಾಸ್ಟಿನ್ ಎಂದು ಕರೆಯಲಾಗುತ್ತಿತ್ತು. ಮಿದುಳು ಮತ್ತು ಶ್ವಾಸಕೋಶಗಳಲ್ಲಿ ಇದು ಹೇರಳವಾಗಿದೆ. ಚಾರ್ಗಾಫ್ ತಮ್ಮ ಪ್ರಯೋಗಗಳಿಗೆ ದನದ ಶ್ವಾಸಕೋಶವನ್ನು ಆಯ್ದುಕೊಂಡರು. ಡ್ಯಾನ್ ಮೂರ್, ಆರನ್ ಬೆಂಡಿಚ್ ಅವರೊಡನೆ 1942ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅತಿವೇಗದ ಸೆಂಟ್ರಿಫ್ಯೂಜ್‌ನಲ್ಲಿ ಶ್ವಾಸಕೋಶದ ಸಾರವನ್ನು ತಿರುಗಿಸಿ ಹೆಪ್ಪುಗಟ್ಟಿಸುವ ಗುಣವುಳ್ಳ ಬೃಹತ್ ಕಣಗಳನ್ನು ಬೇರ್ಪಡಿಸಿದ್ದನ್ನು ವರ್ಣಿಸಿದರು. ಅವರ ವಿದ್ಯಾರ್ಥಿಯಾಗಿದ್ದ ಸೀಮರ್ ಕೋಹೆನ್ ಕೂಡ ಇದೇ ವಸ್ತುವಿನ ಮೇಲೆ ಕೆಲಸ ಮಾಡಿದ್ದರು. ಈ ಕಣಗಳಲ್ಲಿ ಪ್ರೋಟೀನಿನ ಜೊತೆಗೆ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಅಂಶ ದೊಡ್ಡ ಪ್ರಮಾಣದಲ್ಲಿತ್ತು. ಕೊಬ್ಬನ್ನು ತೆಗೆದುಹಾಕಿದರೆ ಹೆಪ್ಪುಗಟ್ಟಿಸುವ ಶಕ್ತಿ ಕುಂದುತ್ತಿತ್ತು.

ಈಗಿನ ತಿಳಿವಳಿಕೆಯಿಂದ ನೋಡಿದರೆ ಇದರ ಅರ್ಥ ಸ್ಪಷ್ಟ. ಫಾಸ್ಫೊಲಿಪಿಡ್ ಜೀವಕೋಶದ ಪೊರೆಯ ಮುಖ್ಯ ಘಟಕ. ಹೆಪ್ಪುಗಟ್ಟುವಿಕೆಯನ್ನು ಆರಂಭಿಸುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಆ ಪೊರೆಯಲ್ಲಿಯೇ ನೆಟ್ಟುಕೊಂಡಿರುತ್ತದೆ. ಚಾರ್ಗಾಫ್ ಒಂದೇ ಬೃಹತ್ ಅಣುವೆಂದು ತಿಳಿದು ಬೇರ್ಪಡಿಸಿದ ವಸ್ತುವು ಬಹುಮಟ್ಟಿಗೆ ಪೊರೆಯ ಚೂರುಗಳೇ ಆಗಿದ್ದವು.

1946ರ ಪ್ರಬಂಧ

ಮುಂದಿನ ಪ್ರಶ್ನೆ ಸಹಜವಾಗಿತ್ತು: ಅಂಗಾಂಶಗಳಲ್ಲಿರುವ ಇಂತಹ ಕಣಗಳು ಹರಿಯುವ ರಕ್ತದಲ್ಲಿಯೂ ಇವೆಯೇ? ಇದಕ್ಕಾಗಿ ಚಾರ್ಗಾಫ್ ಕೊಲಂಬಿಯಾದ ವೈದ್ಯ ರ‍್ಯಾಂಡಾಲ್ಫ್ ವೆಸ್ಟ್ ಅವರೊಡನೆ ಕೂಡಿದರು. ಎರಡು ವರ್ಷಗಳ ನಂತರ, 1948ರಲ್ಲಿ, ಮಾರಕ ರಕ್ತಹೀನತೆಯ ರೋಗಿಗಳಿಗೆ ಬಿ12 ಜೀವಸತ್ವವನ್ನು ನೀಡಿ ಅದರ ಗುಣವನ್ನು ತೋರಿಸಿದ ವೆಸ್ಟ್ ಇವರೇ.

ರಕ್ತಕಣಗಳನ್ನು ತೆಗೆದ ಪ್ಲಾಸ್ಮಾವನ್ನು ಅವರು ಗುರುತ್ವಾಕರ್ಷಣೆಯ 31,000 ಪಟ್ಟು ಬಲದಲ್ಲಿ ಸೆಂಟ್ರಿಫ್ಯೂಜ್ ಮಾಡಿದರು. ನಳಿಕೆಯ ತಳದಲ್ಲಿ ಅತ್ಯಲ್ಪ ಪ್ರಮಾಣದ ಗಷ್ಟು ಕೂತಿತು. ಮೇಲಿನ ತಿಳಿಯನ್ನು ಬೇರೆ ಮಾಡಿ ಪರೀಕ್ಷಿಸಿದಾಗ ಅದು ಹೆಪ್ಪುಗಟ್ಟಲು ಮೊದಲಿಗಿಂತ ಹೆಚ್ಚು ಸಮಯ ತೆಗೆದುಕೊಂಡಿತು. ತಳದ ಗಷ್ಟನ್ನು ಮರಳಿ ಪ್ಲಾಸ್ಮಾಕ್ಕೆ ಬೆರೆಸಿದಾಗ ಹೆಪ್ಪುಗಟ್ಟುವ ಸಮಯ ಕಡಿಮೆಯಾಯಿತು. ಅಂದರೆ ಜೀವಕೋಶಗಳಿಲ್ಲದ, ಬರಿಗಣ್ಣಿಗೆ ತಿಳಿಯಾಗಿ ಕಾಣುವ ಪ್ಲಾಸ್ಮಾದಲ್ಲಿಯೂ ಹೆಪ್ಪುಗಟ್ಟಲು ನೆರವಾಗುವ ಕಣಗಳಿದ್ದವು. ಈ ಗಷ್ಟಿನಲ್ಲಿ ರಕ್ತಕಣಗಳು ಒಡೆದು ಉಂಟಾದ ಅತಿ ಸಣ್ಣ ಚೂರುಗಳೂ ಇರಬಹುದೆಂದು ಲೇಖಕರು ಸೂಚಿಸಿದ್ದರು. ಒಂಬತ್ತು ಪುಟಗಳ ಈ ಪ್ರಬಂಧ 'ಜರ್ನಲ್ ಆಫ್ ಬಯಾಲಾಜಿಕಲ್ ಕೆಮಿಸ್ಟ್ರಿ'ಯಲ್ಲಿ ಪ್ರಕಟವಾಯಿತು.

ಚಾರ್ಗಾಫ್ ಈ ದಾರಿಯಲ್ಲಿ ಹೆಚ್ಚು ಮುಂದುವರಿಯಲಿಲ್ಲ. ಪ್ರಬಂಧ ಅಚ್ಚಾಗುವ ಹೊತ್ತಿಗೆ ಅವರ ಮನಸ್ಸು ಬೇರೊಂದು ವಿಷಯದಲ್ಲಿ ನೆಟ್ಟಿತ್ತು.

ಡಿಎನ್‌ಎಯತ್ತ

1944ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯ ಆಸ್ವಾಲ್ಡ್ ಏವರಿ, ಕಾಲಿನ್ ಮ್ಯಾಕ್ಲಿಯಾಡ್ ಮತ್ತು ಮ್ಯಾಕ್ಲಿನ್ ಮೆಕಾರ್ಟಿ, ನ್ಯುಮೋನಿಯಾ ಉಂಟುಮಾಡುವ ಬ್ಯಾಕ್ಟೀರಿಯಾದ ಗುಣವನ್ನು ವಂಶಪಾರಂಪರ್ಯವಾಗಿ ಬದಲಿಸುವ ವಸ್ತು ಡಿಎನ್‌ಎ ಎಂದು ತೋರಿಸಿದರು. ಶ್ವಾಸಕೋಶದ ರೋಗವೊಂದರ ಅಧ್ಯಯನದಿಂದ ಹೊರಟ ಈ ಫಲಿತಾಂಶವನ್ನು ಆಗಿನ ಅನೇಕ ವಿಜ್ಞಾನಿಗಳು ಅನುಮಾನದಿಂದ ಕಂಡರು. ಚಾರ್ಗಾಫ್ ಅದರ ಮಹತ್ವವನ್ನು ಕೂಡಲೇ ಗುರುತಿಸಿದವರಲ್ಲಿ ಒಬ್ಬರು. ತಮ್ಮ ಪ್ರಯೋಗಾಲಯದ ಉಳಿದ ಕೆಲಸಗಳನ್ನು ಬದಿಗಿಟ್ಟು ನ್ಯೂಕ್ಲಿಯಿಕ್ ಆಮ್ಲಗಳ ಅಧ್ಯಯನಕ್ಕೆ ತೊಡಗಿದರು.

ಡಿಎನ್‌ಎಯಲ್ಲಿ ನಾಲ್ಕು ಪ್ರತ್ಯಾಮ್ಲಗಳು ಸಮಪ್ರಮಾಣದಲ್ಲಿ ಒಂದೇ ಕ್ರಮದಲ್ಲಿ ಮರುಕಳಿಸುತ್ತವೆ ಎಂಬುದು ಫೀಬಸ್ ಲೆವೀನ್ ಅವರ ಕಾಲದಿಂದ ನಡೆದುಬಂದ ನಂಬಿಕೆಯಾಗಿತ್ತು. ಅಷ್ಟು ಏಕತಾನದ ವಸ್ತುವು ಆನುವಂಶಿಕ ಮಾಹಿತಿಯನ್ನು ಹೊರಲಾರದು. ಚಾರ್ಗಾಫ್ ಮತ್ತು ಅರ್ನ್ಸ್ಟ್ ವಿಷರ್, ಕಾಗದದ ವರ್ಣರೇಖನ ಹಾಗೂ ಅತಿನೇರಳೆ ಬೆಳಕಿನ ಅಳತೆಯನ್ನು ಬಳಸಿ ಅತ್ಯಲ್ಪ ಪ್ರಮಾಣದ ಡಿಎನ್‌ಎಯಲ್ಲಿರುವ ಪ್ರತ್ಯಾಮ್ಲಗಳನ್ನು ಅಳೆಯುವ ವಿಧಾನವನ್ನು ರೂಪಿಸಿದರು. ಕರು, ಮಾನವ, ಯೀಸ್ಟ್, ಕ್ಷಯದ ಬ್ಯಾಕ್ಟೀರಿಯಾ ಹೀಗೆ ಹಲವು ಮೂಲಗಳ ಡಿಎನ್‌ಎಯನ್ನು ಹೋಲಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಪ್ರತ್ಯಾಮ್ಲಗಳ ಪ್ರಮಾಣ ಜೀವಿಯಿಂದ ಜೀವಿಗೆ ಬದಲಾಗುತ್ತದೆ; ಒಂದೇ ಜೀವಿಯ ಬೇರೆ ಬೇರೆ ಅಂಗಗಳಲ್ಲಿ ಬದಲಾಗುವುದಿಲ್ಲ. ಇನ್ನೊಂದು, ಯಾವ ಜೀವಿಯಾದರೂ ಅಡೆನಿನ್ ಇದ್ದಷ್ಟೇ ಥೈಮಿನ್, ಗ್ವಾನಿನ್ ಇದ್ದಷ್ಟೇ ಸೈಟೊಸಿನ್ ಇರುತ್ತದೆ. ಉದಾಹರಣೆಗೆ ಮಾನವನ ಡಿಎನ್‌ಎಯಲ್ಲಿ ಮೊದಲ ಜೋಡಿ ತಲಾ ಸುಮಾರು 30%, ಎರಡನೆಯ ಜೋಡಿ ತಲಾ ಸುಮಾರು 20%. 1950ರಲ್ಲಿ ಪ್ರಕಟವಾದ ವಿಮರ್ಶಾ ಲೇಖನವೊಂದರಲ್ಲಿ ಅವರು ಇದನ್ನು ದಾಖಲಿಸಿದರು. ಈ ಸಮತೆಗೆ ಕಾರಣವೇನೆಂದು ವಿವರಿಸುವ ಸಾಹಸಕ್ಕೆ ಹೋಗಲಿಲ್ಲ.

ಚಾರ್ಗಾಫ್ ನಿಯಮವು ಎರಡೆಳೆಯ ಡಿಎನ್‌ಎಗೆ ಅನ್ವಯಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇನ್‌ಫ್ಲುಯೆಂಜಾ ವೈರಸ್ ಮತ್ತು ಕೊರೊನಾವೈರಸ್‌ಗಳ ಆನುವಂಶಿಕ ವಸ್ತು ಒಂದೆಳೆಯ ಆರ್‌ಎನ್‌ಎ ಆದ್ದರಿಂದ ಅಲ್ಲಿ ಈ ಸಮತೆ ಇರಲೇಬೇಕೆಂಬ ಕಟ್ಟಳೆಯಿಲ್ಲ.

ವಾಟ್ಸನ್, ಕ್ರಿಕ್ ಮತ್ತು ನೊಬೆಲ್ ಪ್ರಶಸ್ತಿ

1952ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಭೇಟಿ ನೀಡಿದ್ದಾಗ ಚಾರ್ಗಾಫ್ ಅವರಿಗೆ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರ ಪರಿಚಯವಾಯಿತು. ಇಬ್ಬರ ಬಗ್ಗೆಯೂ ಅವರಿಗೆ ಒಳ್ಳೆಯ ಅಭಿಪ್ರಾಯ ಮೂಡಲಿಲ್ಲ. ಡಿಎನ್‌ಎಯ ರಚನೆಯನ್ನು ಕಂಡುಹಿಡಿಯಲು ಹೊರಟವರಿಗೆ ನಾಲ್ಕು ಪ್ರತ್ಯಾಮ್ಲಗಳ ರಾಸಾಯನಿಕ ವ್ಯತ್ಯಾಸವೇ ನೆನಪಿರಲಿಲ್ಲವೆಂಬುದು ಅವರ ಆಕ್ಷೇಪ. ತಮ್ಮ ಅಳತೆಗಳ ವಿಷಯವನ್ನು ಆ ಭೇಟಿಯಲ್ಲಿ ಅವರಿಗೆ ತಿಳಿಸಿದರು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಮುಂದಿಟ್ಟ ಜೋಡಿಸುರುಳಿಯ ಮಾದರಿಯಲ್ಲಿ ಅಡೆನಿನ್ ಥೈಮಿನ್ನಿಗೂ ಗ್ವಾನಿನ್ ಸೈಟೊಸಿನ್ನಿಗೂ ಎದುರುಬದುರಾಗಿ ಜೋಡಿಯಾಗುತ್ತವೆ. ಚಾರ್ಗಾಫ್ ಕಂಡಿದ್ದ ಸಮತೆಗೆ ಇದೇ ಉತ್ತರವಾಗಿತ್ತು.

1962ರ ನೊಬೆಲ್ ಪ್ರಶಸ್ತಿ ವಾಟ್ಸನ್, ಕ್ರಿಕ್ ಮತ್ತು ಮಾರಿಸ್ ವಿಲ್ಕಿನ್ಸ್ ಅವರಿಗೆ ಸಂದಿತು. ನಿಯಮದಂತೆ ಮೂವರಿಗಿಂತ ಹೆಚ್ಚು ಮಂದಿಗೆ ಒಂದು ಪ್ರಶಸ್ತಿಯನ್ನು ಹಂಚುವಂತಿಲ್ಲ. ತಮ್ಮ ಕೊಡುಗೆಯನ್ನು ಕಡೆಗಣಿಸಲಾಯಿತೆಂಬ ನೋವನ್ನು ಚಾರ್ಗಾಫ್ ಮುಚ್ಚಿಡಲಿಲ್ಲ. ವಾಟ್ಸನ್ 1968ರಲ್ಲಿ ಬರೆದ 'ದ ಡಬಲ್ ಹೆಲಿಕ್ಸ್' ಪುಸ್ತಕವನ್ನು 'ಸೈನ್ಸ್' ಪತ್ರಿಕೆಯಲ್ಲಿ ಕಟುವಾಗಿ ವಿಮರ್ಶಿಸಿದರು. ಅವರ ದೂರಿನಲ್ಲಿ ಹುರುಳಿದೆ ಎಂಬುದನ್ನು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಸಮತೆಯನ್ನು ಮೊದಲು ಕಂಡವರು ಅದನ್ನು ಜೋಡಿಯಾಗಿ ಓದಲಿಲ್ಲ ಎಂಬುದೂ ನಿಜ. ರಕ್ತದ ಗಷ್ಟಿನ ವಿಷಯದಲ್ಲಿಯೂ ಇಂತಹುದೇ ನಡೆದಿತ್ತು: ಎಚ್ಚರಿಕೆಯ ಅಳತೆ ಅವರದು, ಅದರ ಆಕಾರವನ್ನು ಕಂಡವರು ಬೇರೆ.

ಬರಹಗಾರ ಮತ್ತು ವಿಮರ್ಶಕ

ಚಾರ್ಗಾಫ್ 1952ರಲ್ಲಿ ಪ್ರಾಧ್ಯಾಪಕರಾಗಿ, 1970ರಿಂದ 1974ರವರೆಗೆ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. ಜೆ. ಎನ್. ಡೇವಿಡ್‌ಸನ್ ಅವರೊಡನೆ ನ್ಯೂಕ್ಲಿಯಿಕ್ ಆಮ್ಲಗಳ ಕುರಿತ ಮೂರು ಸಂಪುಟಗಳ ಗ್ರಂಥವನ್ನು ಸಂಪಾದಿಸಿದರು. ನಿವೃತ್ತಿಯ ನಂತರ ತಮ್ಮ ಪ್ರಯೋಗಾಲಯವನ್ನು ನ್ಯೂಯಾರ್ಕ್‌ನ ರೂಸ್‌ವೆಲ್ಟ್ ಆಸ್ಪತ್ರೆಗೆ ಸ್ಥಳಾಂತರಿಸಿಕೊಂಡರು.

ಈ ಅವಧಿಯಲ್ಲಿ ಅವರೊಳಗಿನ ಲೇಖಕ ಮುಂದೆ ಬಂದನು. 1978ರಲ್ಲಿ ಪ್ರಕಟವಾದ ಆತ್ಮಕಥೆ 'ಹೆರಾಕ್ಲಿಟಿಯನ್ ಫೈರ್' ಅವರ ಅತ್ಯಂತ ಪ್ರಸಿದ್ಧ ಕೃತಿ. ಮುಂದೆ ಜರ್ಮನ್ ಭಾಷೆಯಲ್ಲಿ ಹಲವು ಪ್ರಬಂಧ ಸಂಕಲನಗಳನ್ನು ಹೊರತಂದರು. ಹಣ ಮತ್ತು ಸ್ಪರ್ಧೆಗಳು ವಿಜ್ಞಾನವನ್ನು ಉದ್ಯಮವನ್ನಾಗಿ ಮಾರ್ಪಡಿಸಿವೆ, ಸಂಶೋಧಕರು ಪ್ರಕೃತಿಯನ್ನು ತಿಳಿಯುವುದನ್ನು ಬಿಟ್ಟು ಅದನ್ನು ತಿದ್ದಲು ಹೊರಟಿದ್ದಾರೆ ಎಂಬುದು ಅವರ ವಾದ. 1976ರಲ್ಲಿ ತಳಿ ಮಾರ್ಪಾಟಿನ ಅಪಾಯಗಳನ್ನು ಕುರಿತು 'ಸೈನ್ಸ್' ಪತ್ರಿಕೆಗೆ ಬರೆದ ಪತ್ರ ದೊಡ್ಡ ಚರ್ಚೆಗೆ ಎಡೆಮಾಡಿತು. ಪ್ರಯೋಗಾಲಯದಿಂದ ಹೊರಹೋದ ಹೊಸ ಜೀವರೂಪವನ್ನು ಹಿಂದಕ್ಕೆ ಕರೆಸಿಕೊಳ್ಳಲಾಗದು ಎಂಬ ಅವರ ಎಚ್ಚರಿಕೆಯನ್ನು ಕೆಲವರು ದೂರದೃಷ್ಟಿಯೆಂದು ಕಂಡರೆ, ಮತ್ತೆ ಕೆಲವರು ಮುನಿಸಿಕೊಂಡ ಹಿರಿಯರ ಮಾತೆಂದು ತಳ್ಳಿಹಾಕಿದರು. ತಳಿ ಮಾರ್ಪಾಟಿನ ತಂತ್ರದಿಂದ ಇನ್ಸುಲಿನ್ ಮೊದಲಾದ ಔಷಧಗಳು ಬಂದದ್ದನ್ನು ಗಮನಿಸಿದರೆ ಅವರ ಟೀಕೆ ಕೆಲವೆಡೆ ಅತಿಯಾಯಿತೆಂದೇ ಹೇಳಬೇಕಾಗುತ್ತದೆ.

ಪ್ರಶಸ್ತಿಗಳು ಮತ್ತು ನಿಧನ

ಚಾರ್ಗಾಫ್ ಅವರಿಗೆ 1949ರಲ್ಲಿ ಪಾಸ್ಚರ್ ಪದಕ ಮತ್ತು 1964ರಲ್ಲಿ ನೆದರ್ಲೆಂಡ್ಸ್‌ನ ಹೈನೆಕೆನ್ ಪ್ರಶಸ್ತಿ ದೊರೆತವು. ಹೈನೆಕೆನ್ ಪ್ರಶಸ್ತಿಯನ್ನು ಪಡೆದವರಲ್ಲಿ ಅವರೇ ಮೊದಲಿಗರು. 1965ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದರು. 1974ರ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೆ ಸಂದಿತು. ಪತ್ನಿ ವೆರಾ 1995ರಲ್ಲಿ ತೀರಿಕೊಂಡರು. ಚಾರ್ಗಾಫ್ 2002ರ ಜೂನ್ 20ರಂದು ನ್ಯೂಯಾರ್ಕ್ ನಗರದಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ನಿಧನರಾದರು.

ರಕ್ತದ ಗಷ್ಟಿನ ಮುಂದಿನ ಕಥೆ

ಚಾರ್ಗಾಫ್ ಮತ್ತು ವೆಸ್ಟ್ ಬೇರ್ಪಡಿಸಿದ ಗಷ್ಟಿನಂಥದೇ ವಸ್ತುವನ್ನು 1967ರಲ್ಲಿ ಬ್ರಿಟನ್ನಿನ ಪೀಟರ್ ವುಲ್ಫ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪ್ಲೇಟ್‌ಲೆಟ್‌ಗಳಿಂದ ಉದುರಿದ ಸೂಕ್ಷ್ಮ ಕಣಗಳು ಅದರಲ್ಲಿ ಕಂಡವು. ವುಲ್ಫ್ ಅದನ್ನು ಪ್ಲೇಟ್‌ಲೆಟ್ ಧೂಳು ಎಂದು ಕರೆದರು. ಧೂಳು ಎಂಬ ಹೆಸರು ಇದ್ದುದರಿಂದಲೋ ಏನೋ, ಇದನ್ನು ಕಸವೆಂದು ಭಾವಿಸುವ ರೂಢಿ ಬಹುಕಾಲ ಉಳಿಯಿತು. 1983ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮತ್ತು ಕೆನಡಾದ ಮಾಂಟ್ರಿಯಲ್‌ನ ಎರಡು ತಂಡಗಳು, ಬೆಳೆಯುತ್ತಿರುವ ಕೆಂಪು ರಕ್ತಕಣಗಳು ತಮಗೆ ಬೇಡವಾದ ಪ್ರೋಟೀನನ್ನು ಪೊರೆಯ ಚೀಲಗಳಲ್ಲಿ ತುಂಬಿ ಹೊರಹಾಕುವುದನ್ನು ಕಂಡವು. ಮಾಂಟ್ರಿಯಲ್‌ನ ರೋಸ್ ಜಾನ್‌ಸ್ಟೋನ್ 1987ರಲ್ಲಿ ಇವುಗಳಿಗೆ ಎಕ್ಸೋಸೋಮ್ ಎಂಬ ಹೆಸರನ್ನು ಬಳಸಿದರು. 1996ರಲ್ಲಿ ರೋಗನಿರೋಧಕ ಜೀವಕೋಶಗಳಿಂದ ಬಂದ ಇಂತಹ ಚೀಲಗಳು ಇತರ ಜೀವಕೋಶಗಳನ್ನು ಎಚ್ಚರಿಸಬಲ್ಲವು ಎಂದೂ, 2007ರಲ್ಲಿ ಅವು ಆರ್‌ಎನ್‌ಎಯನ್ನು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಸಾಗಿಸಬಲ್ಲವು ಎಂದೂ ತಿಳಿದುಬಂತು. ಕಸವೆಂದುಕೊಂಡದ್ದು ಅಂಚೆಯ ಕೆಲಸವನ್ನೂ ಮಾಡುತ್ತಿತ್ತು. ಹುಟ್ಟುವ ಬಗೆ ಮತ್ತು ಗಾತ್ರಗಳಲ್ಲಿ ಭಿನ್ನವಾದ ಇವೆಲ್ಲವನ್ನೂ ಒಟ್ಟಾಗಿ ಈಗ ಜೀವಕೋಶದ ಹೊರಗಿನ ವೆಸಿಕಲ್‌ಗಳು ಎಂದು ಕರೆಯಲಾಗುತ್ತದೆ. ಈ ವಿಷಯದ ವಿಮರ್ಶಾ ಲೇಖನಗಳ ಇತಿಹಾಸ ಭಾಗವು ಹೆಚ್ಚಾಗಿ 1946ರ ಪ್ರಬಂಧದಿಂದಲೇ ಆರಂಭವಾಗುತ್ತದೆ.

ಉಸಿರಾಟದ ವೈರಸ್ ಸೋಂಕುಗಳಲ್ಲಿ ವೆಸಿಕಲ್‌ಗಳು

ಇನ್‌ಫ್ಲುಯೆಂಜಾ ಅಥವಾ ಕೋವಿಡ್-19ರ ವೈರಸ್ ಶ್ವಾಸಕೋಶವನ್ನು ತಾಗಿದಾಗ ಅಲ್ಲಿನ ಜೀವಕೋಶಗಳು, ರಕ್ತನಾಳದ ಒಳಪದರ, ಪ್ಲೇಟ್‌ಲೆಟ್‌ಗಳು ಮತ್ತು ಬಿಳಿ ರಕ್ತಕಣಗಳು ಉದ್ರೇಕಗೊಂಡು ಸಾಮಾನ್ಯಕ್ಕಿಂತ ಹೆಚ್ಚು ವೆಸಿಕಲ್‌ಗಳನ್ನು ಹೊರಬಿಡುತ್ತವೆ. ಪ್ರತಿಯೊಂದು ವೆಸಿಕಲ್ಲಿನ ಮೇಲ್ಮೈಯಲ್ಲಿ ಅದನ್ನು ಹೆತ್ತ ಜೀವಕೋಶದ ಗುರುತಿನ ಪ್ರೋಟೀನ್‌ಗಳಿರುವುದರಿಂದ, ರೋಗಿಯ ರಕ್ತದ ಮಾದರಿಯಿಂದಲೇ ಯಾವ ಬಗೆಯ ಜೀವಕೋಶ ಪೆಟ್ಟು ತಿಂದಿದೆ ಎಂದು ಊಹಿಸಲು ಸಾಧ್ಯವಾಗುತ್ತದೆ.

ಚಾರ್ಗಾಫ್ ಶ್ವಾಸಕೋಶದಲ್ಲಿಯೂ ರಕ್ತದಲ್ಲಿಯೂ ಅಳೆದಿದ್ದ ಹೆಪ್ಪುಗಟ್ಟಿಸುವ ಗುಣ ಇಲ್ಲಿ ಮತ್ತೆ ಎದುರಾಗುತ್ತದೆ. ತೀವ್ರವಾದ ಇನ್‌ಫ್ಲುಯೆಂಜಾ ಮತ್ತು ಕೋವಿಡ್-19ರ ರೋಗಿಗಳ ರಕ್ತದಲ್ಲಿ ಟಿಶ್ಯೂ ಫ್ಯಾಕ್ಟರ್ ಹೊತ್ತ ವೆಸಿಕಲ್‌ಗಳ ಚಟುವಟಿಕೆ ಏರಿರುವುದನ್ನು ಸಂಶೋಧಕರು ಕಂಡಿದ್ದಾರೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೋವಿಡ್ ರೋಗಿಗಳಲ್ಲಿ ಈ ಏರಿಕೆಯು ರೋಗದ ತೀವ್ರತೆ ಹಾಗೂ ಮರಣದೊಂದಿಗೆ ಸಂಬಂಧ ಹೊಂದಿದೆ ಎಂದು ವರದಿ ಮಾಡಿತು. ವೆಸಿಕಲ್ಲಿನ ಹೊರಮೈಗೆ ಬರುವ ಫಾಸ್ಫಟಿಡಿಲ್‌ಸೆರಿನ್ ಎಂಬ ಫಾಸ್ಫೊಲಿಪಿಡ್ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುವ ನೆಲೆಯನ್ನು ಒದಗಿಸುತ್ತದೆ. ಕೋವಿಡ್‌ನಿಂದ ಮೃತಪಟ್ಟವರ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಳು ಕಂಡುಬಂದದ್ದಕ್ಕೆ ಇದೂ ಒಂದು ಕಾರಣವಾಗಿರಬಹುದು. ಸಂಬಂಧ ಕಂಡುಬಂದ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದು. ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಗಳಿಗೆ ಹೆಪ್ಪು ತಡೆಯಲು ಹೆಪಾರಿನ್ ಕೊಡುವ ಪದ್ಧತಿ 2020ರಿಂದ ವ್ಯಾಪಕವಾಯಿತು. ಹೆಪಾರಿನ್ನಿನಿಂದ ವಿಪರೀತ ರಕ್ತಸ್ರಾವವಾದರೆ ನೀಡುವ ಪ್ರತ್ಯೌಷಧ, 1937ರಲ್ಲಿ ಚಾರ್ಗಾಫ್ ಮತ್ತು ಓಲ್ಸನ್ ಪರೀಕ್ಷಿಸಿದ ಅದೇ ಪ್ರೋಟಮಿನ್.

ವೆಸಿಕಲ್‌ಗಳಿಂದ ಕೆಡುಕು ಮಾತ್ರವೇ ಆಗುತ್ತದೆ ಎನ್ನುವಂತಿಲ್ಲ. ಕೋವಿಡ್ ವೈರಸ್ ಜೀವಕೋಶವನ್ನು ಹೊಗಲು ಬಳಸುವ ಎಸಿಇ2 ಎಂಬ ಪ್ರೋಟೀನನ್ನು ಹೊತ್ತ ವೆಸಿಕಲ್‌ಗಳು ರೋಗಿಗಳ ರಕ್ತದಲ್ಲಿ ಇರುವುದನ್ನು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇವು ವೈರಸ್ಸನ್ನು ತಮಗೆ ಅಂಟಿಸಿಕೊಂಡು ಜೀವಕೋಶಕ್ಕೆ ತಲುಪದಂತೆ ತಡೆಯಬಲ್ಲವು. ರೋಗನಿರೋಧಕ ಜೀವಕೋಶಗಳ ನಡುವೆ ಸಂದೇಶ ಒಯ್ಯುವ ವೆಸಿಕಲ್‌ಗಳು ಉರಿಯೂತವನ್ನು ಹೆಚ್ಚಿಸಬಲ್ಲವು, ತಗ್ಗಿಸಬಲ್ಲವು; ಅದು ಅವು ಎಲ್ಲಿಂದ, ಯಾವ ಹಂತದಲ್ಲಿ ಬಂದವು ಎಂಬುದನ್ನು ಅವಲಂಬಿಸಿದೆ. ಅಸ್ಥಿಮಜ್ಜೆಯ ಮೂಲಕೋಶಗಳಿಂದ ಪಡೆದ ವೆಸಿಕಲ್‌ಗಳನ್ನು ಹಾನಿಗೊಂಡ ಶ್ವಾಸಕೋಶದ ಚಿಕಿತ್ಸೆಗೆ ಬಳಸುವ ಪ್ರಯೋಗಗಳೂ ನಡೆದಿವೆ. ಚೇತರಿಸಿಕೊಂಡವರ ರಕ್ತವನ್ನು ತಿಂಗಳುಗಳ ಅಂತರದಲ್ಲಿ ಪರೀಕ್ಷಿಸಿ, ವೆಸಿಕಲ್‌ಗಳ ಸಂಖ್ಯೆ ಮತ್ತು ಸ್ವರೂಪ ಯಾವಾಗ ಸಹಜ ಸ್ಥಿತಿಗೆ ಮರಳುತ್ತದೆ ಎಂಬುದನ್ನು ಅರಿಯುವ ಪ್ರಯತ್ನ ಮುಂದುವರಿದಿದೆ.

ಇಂತಹ ಅಧ್ಯಯನಗಳಿಗೆ ಎದುರಾಗುವ ಮುಖ್ಯ ತೊಡಕು ಚಾರ್ಗಾಫ್ ಎದುರಿಸಿದ್ದೇ ಆಗಿದೆ: ಗಷ್ಟಿನಲ್ಲಿ ನಿಜವಾಗಿ ಏನಿದೆ? ಸಣ್ಣ ವೆಸಿಕಲ್‌ಗಳೂ ಕೊರೊನಾವೈರಸ್ ಕಣಗಳೂ ಗಾತ್ರದಲ್ಲಿ ಹೆಚ್ಚು ಕಡಿಮೆ ಒಂದೇ, ಸುಮಾರು 100 ನ್ಯಾನೋಮೀಟರ್. ಇನ್‌ಫ್ಲುಯೆಂಜಾ ವೈರಸ್ ಜೀವಕೋಶದ ಹೊರಪೊರೆಯನ್ನೇ ಸುತ್ತಿಕೊಂಡು ಹೊರಬರುವುದರಿಂದ ಅದರ ಹೊದಿಕೆ ಕೂಡ ವೆಸಿಕಲ್ಲಿನ ಪೊರೆಯನ್ನು ಹೋಲುತ್ತದೆ. ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಲಿಪೊಪ್ರೋಟೀನ್‌ಗಳು ವೆಸಿಕಲ್‌ಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದು ಮಾದರಿಯಲ್ಲಿ ಬೆರೆತುಹೋಗುತ್ತವೆ. ರಕ್ತವನ್ನು ತೆಗೆದ ಮೇಲೆ ತಡಮಾಡಿದರೆ ಪ್ಲೇಟ್‌ಲೆಟ್‌ಗಳು ನಳಿಕೆಯೊಳಗೇ ಹೊಸ ವೆಸಿಕಲ್‌ಗಳನ್ನು ಉದುರಿಸಿ ಎಣಿಕೆಯನ್ನು ತಪ್ಪಿಸುತ್ತವೆ. ಆದ್ದರಿಂದ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವು 2014ರಿಂದ ಮೂರು ಬಾರಿ ಪ್ರಕಟಿಸಿರುವ ಮಾರ್ಗಸೂಚಿಗಳು, ರಕ್ತವನ್ನು ಹೇಗೆ ಸಂಗ್ರಹಿಸಲಾಯಿತು, ಸೆಂಟ್ರಿಫ್ಯೂಜ್ ಅನ್ನು ಎಷ್ಟು ಬಲದಲ್ಲಿ, ಎಷ್ಟು ಹೊತ್ತು ತಿರುಗಿಸಲಾಯಿತು ಎಂಬ ವಿವರಗಳನ್ನು ಪ್ರತಿಯೊಂದು ಪ್ರಬಂಧದಲ್ಲಿಯೂ ನಮೂದಿಸಬೇಕೆಂದು ಕೇಳುತ್ತವೆ.